ಎರಡು ಬೆರಳಗಲ

ನಂಜನಗೂಡು
೧೫ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಬೀಗಿತ್ತಿ ಗೋವಿಂದಮ್ಮನವರಿಗೆ ಮಂಗಳಮ್ಮ ಮಾಡುವ ನಮಸ್ಕಾರ.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಎಂದು ನೀವು ನಗುತ್ತೀರಿ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹ್ಞೂಂ ಅನ್ನುತ್ತೇನೆ, ಆಮೇಲೆ ಇಬ್ಬರೂ ಇಟ್ಟುಬಿಡುತ್ತೇವೆ. ಈ ವಿಷಯಕ್ಕೆ ಹ್ಞೂಂ ಸಾಲದು. ಇದನ್ನು ನಿಮ್ಮ ಯಜಮಾನರು ದೇವರಾಜು ಅವರಿಂದ ಗಟ್ಟಿಯಾಗಿ ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ. ಆಮೇಲೆ ಬೇಕಾದರೆ ಅವರಿಗೆ ಕೊಡಿ. ಕೊನೆಯ ಹಾಳೆಯನ್ನು ಮಾತ್ರ ಕೊಡಬೇಡಿ.

ಹೋದ ಬುಧವಾರ ನಿಮ್ಮನ್ನು ನರಸೀಪುರದ ಬಸ್ಸು ಹತ್ತಿಸಲು ಬಂದಾಗ, ಕಂಡಕ್ಟರು ಸೀಟಿ ಊದಿದ ಮೇಲೆ, ನೀವು ಕಿಟಕಿಯಿಂದ ತಲೆ ಹಾಕಿ ಕೇಳಿದಿರಿ. "ಅಕ್ಕಾರೆ, ಜೂನ್‌ಗೆ ಮಕ್ಳು ಬಂದ್ಬುಡ್ತವೆ. ನಿಮ್ಮನೇಲಿ ನಮ್ ಉಡ್ಗಿ ಮೀನು ತಿನ್ಬೋದೋ, ಇಲ್ಲ ಬ್ಯಾರೆ ಮನೆ ಮಾಡ್ಬೇಕೋ? ತಾಂಡವಪುರದ ಮನೆಯೋನು ಸಂಕ್ರಾಂತಿ ಒಳಗೆ ಯೋಳ್ಬುಡಿ ಅಂತಾವ್ನೆ." ಬಸ್ಸು ಹೊರಟಿತು. ನೀವು ಉತ್ತರಕ್ಕೆ ಕಾಯಲಿಲ್ಲ. ಜಪಾನಿನಲ್ಲಿ ಮಕ್ಕಳ ಮನೆಯಲ್ಲಿ ಎರಡು ವಾರ ಒಂದೇ ಕೋಣೆಯಲ್ಲಿ ಪಕ್ಕಪಕ್ಕದಲ್ಲಿ ಮಲಗಿದ್ದಾಗ ಕೇಳದಿದ್ದುದನ್ನು ಬಸ್ಸು ಹೊರಡುವ ಹೊತ್ತು ನೋಡಿಯೇ ಕೇಳಿದಿರಿ ಎಂದು ನನಗನ್ನಿಸಿತು. ಮುಖ ನೋಡಿಕೊಂಡು ಕೇಳುವುದು ಕಷ್ಟ. ಮುಖ ನೋಡಿಕೊಂಡು ಹೇಳುವುದೂ ಕಷ್ಟ. ಅದಕ್ಕೇ ಕಾಗದ.

ತಾಂಡವಪುರದ ಮನೆ ಚೆನ್ನಾಗಿದೆ ಎಂದು ನನಗೆ ಗೊತ್ತು. ನಮ್ಮ ಮದನ್ ಕೆಲಸ ಮಾಡುವ ತಾಂಡ್ಯದ ಫ್ಯಾಕ್ಟರಿಗೆ ಹತ್ತಿರ, ನೀರಿಗೆ ತೊಂದರೆಯಿಲ್ಲ. ಕಂಪನಿಯವರು ಜಪಾನಿಗೆ ಕಳಿಸಿದ ಎರಡು ವರ್ಷ ಮುಗಿಸಿ ಬರುವ ಗಂಡ ಹೆಂಡಿರಿಗೆ ಅಷ್ಟು ಮನೆ ಸಾಕು. ಆದರೆ ಅವರು ಆ ಮನೆಗೆ ಹೋದರೆ ನಮಗೆ ವಾರಕ್ಕೊಮ್ಮೆ ಬರುವ ನೆಂಟರಾಗುತ್ತಾರೆ. ಬಂದವರು ಚಪ್ಪಲಿ ಬಾಗಿಲ ಕಡೆಗೆ ತಿರುಗಿಸಿ ಬಿಡುತ್ತಾರೆ. ಅದು ನನಗೆ ಬೇಡ. ಇಷ್ಟನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ, ಮದುವೆ ಮಾತುಕತೆಗೆ ನಾವು ನರಸೀಪುರಕ್ಕೆ ಬಂದ ದಿನ, ನೀವು ನಿಮ್ಮ ಜಗಲಿಯ ಮೇಲೆ ನಿಂತು ಹೇಳಿದಿರಿ: "ನಮ್ ಉಡ್ಗಿ ಮೀನ್ನ ನಿಮ್ಮ ವಸ್ಲಾಚೆ ಬುಟ್ಟು ಒಳಿಕ್ ಬತ್ತಾಳೆ." ಲಿಂಗ ಕಟ್ಟುವ ಮನೆಯೆಂದು ನೀವಾಗಿಯೇ ಆಡಿದ ಮಾತು. ನಾನು ಕೇಳಿರಲಿಲ್ಲ. ಕೇಳದೆ ಸಿಕ್ಕಿದ್ದನ್ನು ಬೇಡವೆನ್ನಲೂ ಇಲ್ಲ.

ನನ್ನ ಸೊಸೆಯಾಗಿ ಬಂದ ಸಿಂಧು ಆ ಮಾತನ್ನು ನಡೆಸಿದಳು. ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದಳು. ನಮ್ಮ ಮನೆಗೆ ಬರುವಾಗ ಪ್ರತಿ ಸಲವೂ ತಲೆಗೆ ಸ್ನಾನ ಮಾಡಿರುತ್ತಿದ್ದಳು. ಕೂದಲು ಒದ್ದೆ, ಚೂಡಿದಾರದ ಬೆನ್ನು ಒದ್ದೆ. ಶೀತವಾಗುತ್ತದೆ ಒರೆಸಿಕೋ ಎಂದು ನಾನು ಟವೆಲ್ಲು ಕೊಡುತ್ತಿದ್ದೆ. ಯಾಕೆ ಸ್ನಾನ ಮಾಡಿ ಬರುತ್ತೇನೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮದುವೆಯಾದ ಮೇಲಿನ ಎರಡು ವರ್ಷ ನಮ್ಮಿಬ್ಬರ ನಡುವೆ ಮೀನಿನ ವಿಷಯವಾಗಿ ಆದ ಮಾತುಕತೆಯೆಂದರೆ ಆ ಟವೆಲ್ಲು ಒಂದೇ.

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಜಪಾನಿನ ಆ ಮೀನಿನ ಊಟದ ಮನೆಯಲ್ಲಿ. ಆ ದಿನವನ್ನು ನೀವು ಮೀನಿನ ಕಡೆಯಿಂದ ನೋಡಿದಿರಿ. ನಾನು ನೋಡಿದ ಕಡೆಯಿಂದ ಅದನ್ನು ಬರೆಯುತ್ತೇನೆ. ಗೊತ್ತಿರುವ ಸಂಗತಿಯನ್ನೇ ಬರೆಯುತ್ತಿದ್ದಾಳೆ ಎಂದು ಬೇಸರ ಮಾಡಿಕೊಳ್ಳಬೇಡಿ.

ಮಕ್ಕಳು ಇಬ್ಬರು ಅಮ್ಮಂದಿರಿಗೂ ಟಿಕೆಟ್ಟು ಕಳಿಸಿದಾಗ ದೇವರಾಜು ಅವರಿಗೆ ಭತ್ತದ ಕೊಯ್ಲು, ನಮ್ಮ ಯಜಮಾನರು ಶಿವಸ್ವಾಮಿಯವರಿಗೆ ಅಂಗಡಿ. ಹೊರಟವರು ನಾವಿಬ್ಬರೇ. ನನ್ನ ಪೆಟ್ಟಿಗೆಯಲ್ಲಿ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಮೂರು ಬಗೆಯ ಉಪ್ಪಿನಕಾಯಿ ಇದ್ದವು. ನಿಮ್ಮ ಪೆಟ್ಟಿಗೆಯಲ್ಲಿ ತಿನ್ನುವ ಪದಾರ್ಥ ಒಂದೂ ಇರಲಿಲ್ಲ. ಕೇಳಿದ್ದಕ್ಕೆ, "ನಾನ್ಯಾಕ್ ಒತ್ಕೊಂಡ್ ಓಗ್ಲಿ, ನನ್ ಊಟ ಅಲ್ಲೇ ಈಜ್ತಾ ಅದೆ" ಅಂದಿರಿ. ಸಾಲ್ಮನ್ ಮೀನನ್ನು ಸೂರಿನಿಂದ ಸಾಲಾಗಿ ತೂಗುಹಾಕಿರುವ ಆ ಹಳೇ ಹೋಟೆಲಿನ ಫೋಟೋವನ್ನು ಸಿಂಧು ಕಳಿಸಿದಂದಿನಿಂದ ಅದನ್ನು ನಿಮ್ಮ ಬೀದಿಗೆಲ್ಲ ತೋರಿಸಿದ್ದಿರಿ. ಆ ಊರಿನ ಹೆಸರು ನಾಲಗೆಗೆ ಹತ್ತದೆ 'ಮೀನೂರು' ಎಂದು ನೀವೇ ನಾಮಕರಣ ಮಾಡಿದಿರಿ. ಮದನ್ ಕೂಡ ಈಗ ಹಾಗೇ ಅನ್ನುತ್ತಾನೆ.

ವಿಮಾನದಲ್ಲಿ ನಾನು ಕಿಟಕಿಯಾಚೆ ನೋಡಿ, ಅಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ, ಬೆಳಗಿನ ಹೊತ್ತು ಸಾರು ಕುಡಿಯುತ್ತಾರೆ, ನೆಲದ ಮೇಲೆ ಹಾಸಿಕೊಂಡು ಮಲಗುತ್ತಾರೆ ಎಂದೆಲ್ಲ ಹೇಳುತ್ತಿದ್ದರೆ ನೀವು, "ಇದು ನಿಮ್ ಪುಸ್ತಕದ್ ಜಪಾನೋ, ನಿಜ್ವಾದ್ ಜಪಾನೋ?" ಎಂದು ಕೇಳಿದಿರಿ. ಹೈಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಕಾಲದಿಂದಲೂ ಅನುವಾದದ ಕಾದಂಬರಿಗಳನ್ನು ಓದುವ ಚಟ ನನಗೆ. ಇಳಿದ ಮೇಲೆ ನೋಡೋಣ ಅಂದೆ.

ಇಳಿದ ಮೇಲಿನ ಮೊದಲ ಬೆಳಿಗ್ಗೆ ನೆನಪಿದೆಯಲ್ಲ. ದಾರಿಯುದ್ದಕ್ಕೂ ನಾನು ಸರಿಯಾಗಿ ಉಂಡಿರಲಿಲ್ಲ. ಚಳಿ ಬೇರೆ. ಸಿಂಧು ಕಪ್ಪು ಬಟ್ಟಲಿನಲ್ಲಿ ಹೊಗೆಯಾಡುವ ಸಾರು ತಂದಿಟ್ಟಳು. ಸೋಯಾ ಕಾಳಿನ ಪೇಸ್ಟು ಕದಡಿದ್ದು, ಅತ್ತೆ, ಒಳಗೆ ಬಿಳಿ ತೋಫು, ಹಸಿರು ಪಾಚಿ ಅಂದಳು. ಕುಡಿದೆ. ಮೈಯೆಲ್ಲ ಬೆಚ್ಚಗಾಯಿತು. ಇನ್ನೊಂದು ಬಟ್ಟಲು ಕೇಳಿದೆ. ನೀವು ಒಂದು ಗುಟುಕು ಕುಡಿದು, ನಿಂತು, ಸಿಂಧುವಿನ ಮುಖ ನೋಡಿದಿರಿ. ಅವಳು ಏನೆಂದು ತಿಳಿಯದೆ ನಿಮ್ಮ ಮುಖ ನೋಡಿದಳು. ಆಮೇಲೆ ನೀವು ನನ್ನ ಕಡೆ ತಿರುಗಿ, "ಕುಡೀರಿ ಅಕ್ಕಾರೆ, ನಮ್ ಬ್ಯಾಳೆ ಸಾರ್ ಇದ್ದಂಗೇ ಅದೆ" ಅಂದಿರಿ. ಬೇರೆಯವರ ಮನೆಯ ಸಾರಿಗೆ ಉಪ್ಪು ಕಡಿಮೆ, ಹುಳಿ ಜಾಸ್ತಿ ಎನ್ನದೆ ನೀವು ಬಟ್ಟಲು ಕೆಳಗಿಟ್ಟಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಲ್ಲಿದ್ದಷ್ಟು ದಿನವೂ ಬೆಳಗಾದರೆ ನನಗೆ ಆ ಸಾರು ಬೇಕಾಯಿತು. ತಂದ ಅವಲಕ್ಕಿ ಹಾಗೇ ಉಳಿಯಿತು.

ಮೀನೂರಿಗೆ ಹೋದದ್ದು ಮದನ್‌ನ ರಜೆಯ ದಿನ. ರೈಲಿನ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಕೊಯ್ಲಾದ ಗದ್ದೆ. ನೀವು ಸಮುದ್ರಕ್ಕೆ ಬೆನ್ನು ಹಾಕಿ ಕೂತು ಗದ್ದೆಯನ್ನೇ ನೋಡಿದಿರಿ. "ಕೂಳೆ ಎಷ್ಟು ಸಮ್ವಾಗಿ ಬುಟ್ಟವ್ರೆ ನೋಡಿ, ನಮ್ಮೋರು ಒಂದ್ ಕಡೆ ಮೊಳ, ಒಂದ್ ಕಡೆ ಗೇಣು." ಊರಿಗೆ ಬಂದ ಮೇಲೆ ದೇವರಾಜು ಅವರಿಗೆ ಮೊದಲು ಇದನ್ನೇ ಹೇಳಿರುತ್ತೀರಿ.

ಊಟಕ್ಕೆ ಇನ್ನೂ ಹೊತ್ತಿತ್ತೆಂದು ಸಿಂಧು ನಮ್ಮನ್ನು ಹೊಳೆಯ ಹತ್ತಿರ ಕರೆದುಕೊಂಡು ಹೋದಳು. ನಮ್ಮ ಕಪಿಲೆಯಷ್ಟು ಅಗಲವಿರಲಿಲ್ಲ. ನೀರು ತಿಳಿ. ಅದರಲ್ಲಿ ಬಾಲ ಹರಿದ, ಬೆನ್ನು ಸವೆದ ದೊಡ್ಡ ಮೀನುಗಳು ಪ್ರವಾಹಕ್ಕೆ ಎದುರಾಗಿ ನಿಂತಿದ್ದವು. ಮುಂದೆ ಹೋಗುತ್ತಿರಲಿಲ್ಲ, ಹಿಂದೆಯೂ ಬರುತ್ತಿರಲಿಲ್ಲ. ಸಮುದ್ರಕ್ಕೆ ಹೋದವು ಹುಟ್ಟಿದ ಹೊಳೆಗೇ ಬರುತ್ತವೆ ಎಂದು ಮದನ್ ವಿವರಿಸುತ್ತಿದ್ದ. ನೀವು ಸೊಂಟದ ಮೇಲೆ ಕೈಯಿಟ್ಟು ನೋಡಿ, "ನಮ್ ಸಿಂಧೂನೂ ಇದೇ ಜಾತಿ ಕಣಪ್ಪ ಅಳೀಮಯ್ಯ. ಎಲ್ರೂ ನೀರ್ ಅರ್ಯೋ ಕಡೆ ಓದ್ರೆ ಇವ್ಳು ಒಳೆ ಎದ್ರು ಈಜ್ಕೊಂಡು ನಂಜನಗೂಡಿಗ್ ಬಂದ್ಲು" ಅಂದಿರಿ. ಎಲ್ಲರೂ ನಕ್ಕೆವು. ಸಿಂಧು ಮಾತ್ರ ನಗುವುದಕ್ಕೆ ಮೊದಲು ನನ್ನ ಮುಖ ನೋಡಿದಳು. ಅದು ನನಗೆ ಇಷ್ಟವಾಗಲಿಲ್ಲ. ನಗುವುದಕ್ಕೂ ನನ್ನ ಮುಖ ನೋಡಬೇಕಾದ ಹಾಗೆ ನಾನು ಯಾವತ್ತು ನಡೆದುಕೊಂಡೆ ಎಂದು ಹೋಟೆಲು ಸಿಗುವವರೆಗೂ ಯೋಚಿಸಿದೆ.

ಆ ಹೋಟೆಲಿನ ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಉಪ್ಪು, ಹೊಗೆ, ಹಳೆಯ ಮರ, ಅದರ ಜೊತೆಗೆ ಮೀನು. ವಾಸನೆ ನನಗೆ ಕಷ್ಟವಾಯಿತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಒಳಗೆ ಕತ್ತಲು, ಕಪ್ಪಗಾದ ತೊಲೆಗಳು. ತೊಲೆಗಳಿಂದ ಮೀನುಗಳು ತಲೆ ಕೆಳಗಾಗಿ ಸಾಲಾಗಿ ತೂಗುತ್ತಿದ್ದವು, ಗಾಳಿಗೆ ಒಂದಿಷ್ಟು ತಿರುಗುತ್ತ. ನನ್ನ ಕೈ ತಾನಾಗಿ ಸ್ವೆಟರಿನೊಳಗೆ ಹೋಗಿ ಲಿಂಗವನ್ನು ಹಿಡಿದುಕೊಂಡಿತು. ಅದನ್ನು ನೋಡಿದವರು ನೀವೊಬ್ಬರೇ. ಆ ಊಟಕ್ಕೆಂದೇ ಸಮುದ್ರ ದಾಟಿ ಬಂದ ನೀವು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ನೀವ್ ಆಚೆ ಕೂತ್ಕೊಳಾದಾದ್ರೆ ನಾನೂ ಆಚೇನೇ ಕೂತ್ಕತೀನಿ ಅಕ್ಕಾರೆ. ಮೀನೇನ್ ಓಡೋಗಕ್ಕಿಲ್ಲ, ಆಗ್ಲೇ ಸತ್ತೋಗದೆ" ಅಂದಿರಿ.

ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬಾಗಿಲಲ್ಲಿ ನಿಂತಿರುವುದಕ್ಕೆ ಕಾರಣ ಉಳಿಯಲಿಲ್ಲ. ಒಳಗೆ ಬಂದೆ.

ಹೋಟೆಲಿನ ಯಜಮಾನಿ ನಮ್ಮಿಬ್ಬರಿಗಿಂತಲೂ ಹಿರಿಯರು. ಗಂಡನ ಮುತ್ತಜ್ಜ ಕಟ್ಟಿದ ಮನೆ, ಅಂದಿನಿಂದ ಇದೊಂದೇ ಕಸುಬು, ಇದೊಂದೇ ಮೀನು ಎಂದು ಮದನ್ ಹೇಳಿದ. ಅವರು ನನ್ನ ಮುಂದೆ ಮಂಡಿಯೂರಿ ತಲೆ ಬಾಗಿಸಿ ಏನೋ ಹೇಳಿದರು. ಮದನ್ ತಲೆ ಕೆರೆದುಕೊಂಡು ಕನ್ನಡಕ್ಕೆ ತಂದ: "ಅಮ್ಮ, ಈ ಮನೇಲಿ ಎಲ್ಲಾ ಮೀನೇ, ಅದಕ್ಕೆ ಕ್ಷಮಿಸಬೇಕಂತೆ. ನಾನು ಮೊದಲೇ ಫೋನ್ ಮಾಡಿದ್ದೆ. ನಿನಗೋಸ್ಕರ ಬೇರೆ ಪಾತ್ರೆ, ಬೇರೆ ಒಲೆ ಮಾಡಿದಾರಂತೆ. ಬೇಕಾದ್ರೆ ಬಂದು ನೋಡಿ ಅಂತಿದಾರೆ."

ನಾನು ಹೋಗಿ ನೋಡಿದೆ. ನೀವು ಆಗ ತೂಗುಹಾಕಿದ ಮೀನುಗಳ ಕೆಳಗೆ ಕತ್ತೆತ್ತಿ ನಿಂತಿದ್ದಿರಿ, ಆದ್ದರಿಂದ ಇದನ್ನು ನೀವು ಕಂಡಿಲ್ಲ. ಅಡುಗೆಮನೆಯಲ್ಲಿ ದೊಡ್ಡ ಒಲೆ ಒಂದು, ಅದರ ಮೇಲೆ ಮೀನು ಸುಡುತ್ತಿತ್ತು. ಅದೇ ಕೋಣೆಯ ಕಿಟಕಿಯ ಕೆಳಗೆ ಮಣ್ಣಿನ ಸಣ್ಣ ಅಗ್ಗಿಷ್ಟಿಕೆ, ಇದ್ದಿಲ ಕೆಂಡ, ಹೊಸ ಪಾತ್ರೆ. ಯಜಮಾನಿ ದೊಡ್ಡ ಒಲೆಯಿಂದ ಎದ್ದು, ಕೈ ತೊಳೆದು, ಒರೆಸಿಕೊಂಡು, ಸಣ್ಣ ಒಲೆಯ ಮುಚ್ಚಳ ತೆಗೆದು ತೋರಿಸಿದರು. ಎರಡು ಒಲೆಗಳ ನಡುವೆ ಗೋಡೆಯಿರಲಿಲ್ಲ. ಮೂಲಂಗಿ ಹೆಚ್ಚುವ ಮಣೆಯೊಂದಿತ್ತು, ಅಷ್ಟೇ.

ಆಮೇಲೆ ಊಟ. ಮದನ್ ನನ್ನ ಪಕ್ಕ ಕೂತು, ನಾನು ಅಮ್ಮನ ಸಾಲು ಅಂದ. ಯಜಮಾನಿ ಅವನನ್ನು ಕೇಳದೆಯೇ ಅವನ ಮುಂದೆ ಮೀನಿನ ತಟ್ಟೆ ಇಟ್ಟು, ಹಳೆಯ ಗಿರಾಕಿಯನ್ನು ನೋಡಿ ನಗುವ ಹಾಗೆ ನಕ್ಕರು. ಅವನು ಗೋಡೆ ನೋಡಿದ. ನಾನೂ ಗೋಡೆ ನೋಡಿದೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರಿತ್ತು.

ನಿಮ್ಮ ಮುಂದೆ ಬಂದ ತಟ್ಟೆಗಳನ್ನು ನಾನು ಲೆಕ್ಕವಿಡಲಿಲ್ಲ. ಸುಟ್ಟ ತುಂಡು, ಗರಿಗರಿ ಚರ್ಮ, ತಲೆಯ ಮೃದು ಎಲುಬನ್ನು ತೆಳ್ಳಗೆ ಹೆಚ್ಚಿ ಹುಳಿಯಲ್ಲಿ ಹಾಕಿದ್ದು. ಒಂದು ಬಟ್ಟಲಿನಲ್ಲಿ ಹೊಳೆಯುವ ಕೆಂಪು ಮಣಿಗಳನ್ನು ಕಂಡು ನಾನು ದಾಳಿಂಬೆ ಬಂತು ಎಂದು ಕೈ ಚಾಚಿದಾಗ ನೀವು, "ಅದು ದಾಳಿಂಬೆ ಅಲ್ಲ ಕಣಕ್ಕಾರೆ, ಮೊಟ್ಟೆ, ಮೊಟ್ಟೆ!" ಎಂದು ಬಟ್ಟಲನ್ನೇ ಎತ್ತಿ ತಲೆಯ ಮೇಲೆ ಹಿಡಿದುಕೊಂಡಿರಿ. ಒಣಗಿಸಿದ ಮೀನಿನ ಚೂರಿಗೆ ಅಕ್ಕಿಯ ಹೆಂಡ ಚಿಮುಕಿಸಿ ಕೊಟ್ಟಾಗ, "ಅಯ್ ಶಿವ್ನೆ, ಮೀನ್ಗೂ ಕುಡ್ಸವ್ರಲ್ಲಾ" ಅಂದು ಅದನ್ನೂ ತಿಂದಿರಿ. ಕಡ್ಡಿಗಳನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಉಂಡಿರಿ. ಮುಳ್ಳನ್ನು ನಾಲಗೆಯ ತುದಿಯಿಂದ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುವುದನ್ನು ಯಜಮಾನಿ ಪಕ್ಕದಲ್ಲಿ ಕೂತು ನೋಡಿ ತಮ್ಮ ಸೊಸೆಯನ್ನು ಕರೆದು ತೋರಿಸಿದರು. ಒಬ್ಬರ ಮಾತು ಒಬ್ಬರಿಗೆ ಬಾರದಿದ್ದರೂ ನೀವಿಬ್ಬರೂ ಉಪ್ಪು ಎಷ್ಟು ತಿಕ್ಕಬೇಕು, ಎಷ್ಟು ದಿನ ಗಾಳಿಗಿಡಬೇಕು ಎಂದು ಕೈಯಲ್ಲೇ ಜಗಳವಾಡಿದಿರಿ. ನಾಲ್ಕು ವರ್ಷದಲ್ಲಿ ನಾನು ನಿಮ್ಮ ಜೊತೆ ಎಷ್ಟೋ ಸಲ ಊಟ ಮಾಡಿದ್ದೇನೆ. ನೀವು ಉಂಡದ್ದನ್ನು ನೋಡಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ನೀವು ಊಟ ಮಾಡುವುದು ಆಸ್ಪತ್ರೆಯಲ್ಲಿ ಔಷಧಿ ತೆಗೆದುಕೊಂಡ ಹಾಗೆ, ಮರ್ಯಾದೆಗೆ. ನನ್ನ ಅಡುಗೆ ಅಷ್ಟು ಕೆಟ್ಟದ್ದಲ್ಲ ಎಂದುಕೊಂಡಿದ್ದೆ. ಈಗ ಅರ್ಥವಾಯಿತು.

ನನಗೆ ಅನ್ನ, ತೋಫು, ಬೆಟ್ಟದ ಸೊಪ್ಪು, ಮೂಲಂಗಿ, ಒಂದು ತಿಳಿಸಾರು ಬಂದವು. ಸಾರಿನಲ್ಲಿ ಮೀನಿನ ಸೋಂಕಿಲ್ಲ, ಪಾಚಿ ಮತ್ತು ಅಣಬೆ ಮಾತ್ರ ಎಂದು ಯಜಮಾನಿ ಎದೆ ಮುಟ್ಟಿಕೊಂಡು ಹೇಳಿದರು. ಹೇಗಿದೆಯೆಂದು ಕೇಳಿದರು. ನಾನು ಇದ್ದುದನ್ನು ಇದ್ದ ಹಾಗೆ ಹೇಳಿದೆ: ಚೆನ್ನಾಗಿದೆ, ಆದರೆ ನಮ್ಮ ಸಿಂಧು ಮಾಡುವ ಸಾರಿನ ರುಚಿ ಇದಕ್ಕಿಲ್ಲ, ಏನೋ ಒಂದು ಕಡಿಮೆ.

ಆಗ ನಿಮಗೆ ಕೆಮ್ಮು ಬಂತು. ಅನ್ನ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಸಿಂಧು ನಿಮ್ಮ ಬೆನ್ನು ಗುದ್ದುತ್ತ ಗೋಡೆ ನೋಡಿದಳು. ಆ ಕ್ಯಾಲೆಂಡರನ್ನು ಅವತ್ತು ನಾವೆಲ್ಲ ಸರದಿಯ ಮೇಲೆ ನೋಡಿದೆವು. ನನ್ನ ಮಾತನ್ನು ಅವರಿಗೆ ಯಾರೂ ಅನುವಾದಿಸಿ ಹೇಳಲಿಲ್ಲ. ನಾನು ಯಾಕೆಂದು ಕೇಳಲಿಲ್ಲ.

ಊಟವಾದ ಮೇಲೆ ನೀವು ಮತ್ತೆ ಆ ಮೀನುಗಳ ಕೆಳಗೆ ಹೋದಿರಿ. ಒಂದರ ಹೊಟ್ಟೆಯ ಸೀಳಿನೊಳಗೆ ಬೆರಳು ಹಾಕಿ ನೋಡಿ, "ಅಯ್ಯೋ, ಪೂರ್ತಿ ಕುಯ್ದೇ ಇಲ್ವಲ್ಲ! ಮೇಲ್ ಒಂದ್ ಸೀಳು, ಕೆಳಗ್ ಒಂದ್ ಸೀಳು, ಮಧ್ಯಕ್ಕೆ ಅಂಗೇ ಬುಟ್ಬುಟ್ಟವ್ರೆ. ಕತ್ತಿ ಮೊಂಡೇನೋ. ನಾನಾಗಿದ್ರೆ ಒಂದೇ ಏಟ್ಗೆ ಬುಡಿಸ್ಬುಡ್ತಿದ್ದೆ" ಅಂದಿರಿ. ಮದನ್ ನಾಚುತ್ತ ಅದನ್ನು ಯಜಮಾನಿಗೆ ಹೇಳಿದ. ಅವರು ನಕ್ಕರು. ನಕ್ಕು, ತಮ್ಮ ಎರಡು ಬೆರಳನ್ನು ಕೂಡಿಸಿ ಆ ಕೊಯ್ಯದೆ ಬಿಟ್ಟ ಜಾಗದ ಮೇಲಿಟ್ಟು ತೋರಿಸಿದರು. ಸರಿಯಾಗಿ ಎರಡು ಬೆರಳಗಲ.

ಅದು ಹಿಂದೆ ಯೋಧರ ಊರಂತೆ. ಸೋತ ಯೋಧ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯುವ ಪದ್ಧತಿ ಇತ್ತಂತೆ. ತಮ್ಮನ್ನು ಸಾಕುವ ಮೀನಿಗೆ ಆ ಗತಿ ಕಾಣಿಸಬಾರದೆಂದು ಅಲ್ಲಿಯವರು ಅದರ ಹೊಟ್ಟೆಯನ್ನು ಪೂರ್ತಿ ಸೀಳುವುದಿಲ್ಲ. ನಡುವೆ ಎರಡು ಬೆರಳಗಲ ಕೂಡಿಕೊಂಡೇ ಇರಲಿ ಎಂದು ಬಿಡುತ್ತಾರೆ. ನೇಣು ಹಾಕಿದ ಹಾಗೆ ಕಾಣಬಾರದೆಂದು ಕುತ್ತಿಗೆಗೆ ಹಗ್ಗ ಕಟ್ಟದೆ ಬಾಲದಿಂದ ತೂಗುಹಾಕುತ್ತಾರೆ.

ನೀವು ಬೆರಳನ್ನು ಹಿಂದಕ್ಕೆ ತೆಗೆದಿರಿ. ಆಮೇಲೆ ಕಸುಬಿನವರು ಕೇಳುವ ಪ್ರಶ್ನೆ ಕೇಳಿದಿರಿ: "ಅಂಗಾದ್ರೆ ಒಳಗಿಂದೆಲ್ಲ ಎಂಗ್ ತಗೀತಾರೆ ಕೇಳಪ್ಪ. ಕೈ ಓಗಕ್ಕೇ ಜಾಗ ಇಲ್ಲ." ಯಜಮಾನಿ ಉತ್ತರ ಹೇಳಿದರು. ಮದನ್ ಅದನ್ನು ಹೇಳುವಾಗ ನೀವು ಮೀನನ್ನೇ ನೋಡುತ್ತಿದ್ದಿರಿ, ನಾನು ಅವರ ಮುಖ ನೋಡುತ್ತಿದ್ದೆ: "ಕಷ್ಟ ಅಂತೆ. ಒಂದೇ ಸಲ ಸೀಳಿದ್ರೆ ಬೇಗ ಆಗತ್ತೆ. ಹೀಗೆ ಮಾಡಿದ್ರೆ ಹೊತ್ತು ಹಿಡಿಯತ್ತಂತೆ. ಆದ್ರೂ ಹೀಗೇ ಮಾಡ್ತಾರಂತೆ."

ಹಿಂದಿರುಗುವಾಗ ರೈಲಿನಲ್ಲಿ ನೀವು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಿರಿ. ನಿಮ್ಮ ಕೈಯಿಂದ ಮೀನಿನ ವಾಸನೆ ಬರುತ್ತಿತ್ತು. ನಾನು ಸರಿದು ಕೂರಲಿಲ್ಲ. ಎದುರಿಗೆ ಕೂತಿದ್ದ ಸಿಂಧು ಎರಡು ಸಲ ನಿಮ್ಮನ್ನು ಎಬ್ಬಿಸಲು ನೋಡಿದಳು. ಬಿಡು, ಮಲಗಲಿ ಅಂದೆ.

ಇನ್ನು ಉತ್ತರ.

ತಾಂಡವಪುರದ ಮನೆಯವರಿಗೆ ಬೇಡವೆಂದು ಹೇಳಿಬಿಡಿ. ಬೇರೆ ಮನೆ ಮಾಡುವುದು ಸುಲಭ, ಒಂದೇ ಏಟಿಗೆ ಆಗಿಹೋಗುತ್ತದೆ. ಯಾರಿಗೂ ತೊಂದರೆಯಿಲ್ಲ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಾಗೆಂದು ನನ್ನ ಅಡುಗೆಮನೆಯಲ್ಲೇ ಮೀನು ಬೇಯಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇಲ್ಲದ್ದನ್ನು ಇದೆಯೆಂದು ಬರೆಯಲಾರೆ. ಅಡುಗೆಮನೆಯ ಹಿಂದಿನ ಬಾಗಿಲು ತೆಗೆದರೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಜಾಗವಿದೆಯಲ್ಲ, ತಗಡಿನ ಮಾಡು ಹಾಕಿರುವುದು, ಅಲ್ಲಿ ಸಿಂಧುವಿಗೆ ಒಂದು ಕಟ್ಟೆ, ಒಂದು ಒಲೆ ಹಾಕಿಸುತ್ತೇನೆ. ಪಾತ್ರೆ ಬೇರೆ. ಬಾಗಿಲು ಈಗ ಇರುವ ಹಾಗೇ ಇರುತ್ತದೆ, ಗೋಡೆ ಏಳುವುದಿಲ್ಲ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ, ಶಿವರಾತ್ರಿ ಬೇಡ. ಉಳಿದ ದಿನ ಅವಳಿಷ್ಟ. ಊಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಕೂರಬೇಕು. ಅವಳ ತಟ್ಟೆಯಲ್ಲಿ ಏನಿದೆಯೆಂದು ನಾನು ಕೇಳುವುದಿಲ್ಲ, ನನ್ನ ತಟ್ಟೆಯಲ್ಲಿ ಏನಿಲ್ಲವೆಂದು ಅವಳು ಮರುಗಬಾರದು. ಮದನ್‌ನ ತಟ್ಟೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ನಮ್ಮ ಗೋಡೆಯ ಮೇಲೂ ಒಂದು ಕ್ಯಾಲೆಂಡರಿದೆ.

ಇನ್ನೊಂದು. ತಿಂದ ಮೇಲೆ ಅವಳು ತಲೆಗೆ ಸ್ನಾನ ಮಾಡಬೇಕಾಗಿಲ್ಲ. ಕೈ ತೊಳೆದು ಒರೆಸಿಕೊಂಡರೆ ಸಾಕು. ಆ ಯಜಮಾನಿ ಮಾಡಿದ್ದು ಅಷ್ಟೇ.

ಇದೆಲ್ಲ ಹೇಳಿದಷ್ಟು ಸಲೀಸಾಗಿ ನಡೆಯುತ್ತದೆಂದು ನಾನು ತಿಳಿದಿಲ್ಲ. ನಿನ್ನೆ ಯಜಮಾನರಿಗೆ ಹೇಳಿದೆ. ಅವರು, "ಅಕ್ಕನಿಗೆ ಗೊತ್ತಾದ್ರೆ ಇನ್ನು ನಮ್ಮನೇಲಿ ನೀರು ಮುಟ್ಟಲ್ಲ, ಯೋಚನೆ ಮಾಡಿದೀಯಾ?" ಅಂದರು. ಮಠಕ್ಕೆ ತಪ್ಪದೆ ನಡೆದುಕೊಳ್ಳುವ ನಮ್ಮ ಅತ್ತಿಗೆಯವರನ್ನು ನೀವು ಮದುವೆಯಲ್ಲಿ ನೋಡಿದ್ದೀರಿ. ಯೋಚನೆ ಮಾಡಿದ್ದೇನೆ, ನೀರು ಬೇಡವೆಂದರೆ ಕಾಫಿ ಕೊಡುತ್ತೇನೆ, ಕಾಫಿಯನ್ನು ಅವರು ಇದುವರೆಗೆ ಯಾರ ಮನೆಯಲ್ಲೂ ಬೇಡವೆಂದಿಲ್ಲ ಅಂದೆ. ಯಜಮಾನರು ಮೇಲುಹೊದಿಕೆ ಕೊಡವಿ ಎದ್ದು, ಹಿತ್ತಿಲ ಬಾಗಿಲ ತನಕ ಹೋಗಿ ನೋಡಿ ಬಂದು, "ಒಲೆ ಗ್ಯಾಸಿಂದೋ, ಸೌದೇದೋ?" ಎಂದು ಕೇಳಿದರು. ಒಪ್ಪಿಗೆಯೆಂದು ತಿಳಿದೆ.

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಮೀನಿಗೆ ಯಾವ ಒಲೆ ಒಳ್ಳೆಯದು, ಕಟ್ಟೆ ಎಷ್ಟೆತ್ತರ ಬೇಕು, ನೀರು ಎತ್ತ ಹರಿಯಬೇಕು, ಬೆಕ್ಕು ಬಾರದ ಹಾಗೆ ಏನು ಮಾಡಬೇಕು, ಇದನ್ನೆಲ್ಲ ಹೇಳಬೇಕಾದವರು ನೀವು. ಸಂಕ್ರಾಂತಿಯ ಎಳ್ಳು ಬೀರಲು ಹೇಗೂ ಬರುತ್ತೀರಲ್ಲ, ಎರಡು ದಿನ ಮೊದಲೇ ಬನ್ನಿ. ಮೇಸ್ತ್ರಿಯನ್ನು ಅವತ್ತು ಕರೆಸುತ್ತೇನೆ. ಜೂನಿನಲ್ಲಿ ಮಕ್ಕಳು ಬಂದ ಮೇಲಿನ ಮೊದಲ ಭಾನುವಾರ ಆ ಒಲೆ ಹಚ್ಚುವವರೂ ನೀವೇ ಆಗಬೇಕು. ನಮ್ಮ ಹೊಳೆಯೇ ಹರಿದು ನಿಮ್ಮೂರಿಗೆ ಬರುತ್ತದೆ. ಒಂದು ದಿನ ನಿಮ್ಮ ಸಂಗಮದ ಮೀನು ಬಸ್ಸು ಹತ್ತಿ ನಂಜನಗೂಡಿಗೆ ಬಂದರೆ ತಪ್ಪಿಲ್ಲ. ಆದರೆ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಸಿಂಧುವಿಗೆ ಇದನ್ನು ನಾನೇ ಹೇಳುತ್ತೇನೆ. ನೀವು ಮೊದಲು ಹೇಳಿಬಿಡಬೇಡಿ. ನಿಮಗೆ ತಡೆಯಲಾಗುವುದಿಲ್ಲ ಎಂದು ಗೊತ್ತು, ಆದರೂ ಬುಧವಾರದವರೆಗೆ ತಡೆಯಿರಿ. ದೇವರಾಜು ಅವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸಿ. ಅವರು ಮೀನೂರಿನ ಕೂಳೆಯ ಕಥೆಯನ್ನು ಇನ್ನೆಷ್ಟು ಸಲ ಕೇಳಬೇಕೋ.

ನಿಮ್ಮ ಪಕ್ಕದಲ್ಲಿ ಕೂತು ಉಂಡ
ಮಂಗಳಮ್ಮ

ಮರೆತು ಬಿಟ್ಟದ್ದಲ್ಲ, ಕೊನೆಗೆಂದು ಉಳಿಸಿಕೊಂಡದ್ದು: ಸಿಂಧು ಬೆಳಿಗ್ಗೆ ಕೊಡುತ್ತಿದ್ದ ಆ ಸಾರು. ಬಹಳ ವರ್ಷದ ಹಿಂದೆ ಓದಿದ ಜಪಾನಿನ ಕಾದಂಬರಿಯೊಂದರಲ್ಲಿ ಹೆಂಡತಿಯಾದವಳು ಬೆಳಗಿನ ಸಾರಿಗೆಂದು ಕಲ್ಲಿನಂಥ ಒಣಮೀನನ್ನು ಬಡಗಿಯ ಕೀಸುಳಿಯಂಥದರಲ್ಲಿ ಹೆರೆಯುತ್ತಾಳೆ. ಮೀನನ್ನು ಯಾರಾದರೂ ಹೆರೆಯುತ್ತಾರೆಯೇ, ಅನುವಾದಕರು ತಪ್ಪಿದ್ದಾರೆ ಎಂದು ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿದ್ದೆ. ಮೊದಲ ಬಟ್ಟಲು ಕುಡಿದಾಗಲೇ ಅದು ನೆನಪಾಯಿತು. ಅವತ್ತು ಅಡುಗೆಮನೆಯಲ್ಲಿ ಸಿಂಧು, "ಪೇಸ್ಟ್ ಡಬ್ಬಿ ಮೇಲಿಂದು ಓದಕ್ಕೆ ನಂಗೆ ಬರಲ್ವಲ್ಲವ್ವ" ಎಂದು ಅಳುತ್ತಿದ್ದುದೂ, ನೀವು, "ಯೋಳ್ಬ್ಯಾಡ ಕಣವ್ವ, ಎಲ್ಡ್ ದಿನ್ದಿಂದ ಅಕ್ಕಾರು ಒಟ್ಟೆ ತುಂಬ ಉಂಡಿರದು ಇವತ್ತೇಯ" ಎಂದು ಪಿಸುಗುಟ್ಟಿದ್ದೂ ನನಗೆ ಕೇಳಿಸಿತು. ನಾನು ಕೇಳಿದ್ದರೆ ನೀವು ನಿಜ ಹೇಳಬೇಕಾಗುತ್ತಿತ್ತು, ನಾನು ಅವಲಕ್ಕಿಗೆ ಹಿಂದಿರುಗಬೇಕಾಗುತ್ತಿತ್ತು, ಸಿಂಧು ಮತ್ತೆ ನನ್ನ ಮುಖ ನೋಡಿಯೇ ನಗಬೇಕಾಗುತ್ತಿತ್ತು. ಅದಕ್ಕೆ ಕೇಳಲಿಲ್ಲ. ಅದು ಸರಿಯೋ ತಪ್ಪೋ ನನಗೂ ನನ್ನ ಕೊರಳಲ್ಲಿರುವವನಿಗೂ ಬಿಟ್ಟದ್ದು. ಆ ಪೆನ್ಸಿಲ್ ಗುರುತನ್ನು ಮೊನ್ನೆ ಅಳಿಸಿದೆ. ದಿನವೂ ಬಟ್ಟಲಿನ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತ ನೀವು ಪಡುತ್ತಿದ್ದ ಸಂಕಟ ನನಗೆ ಕಾಣುತ್ತಿತ್ತು. ಇದ್ದುದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅದೂ ರುಚಿಯಾಗಿತ್ತು.